ಮೆಣಸಿನಕಾಯಿ ಸಸಿ: ಏರುಮಡಿಯೋ, ಟ್ರೇಯೋ, ನರ್ಸರಿಯೋ?

ಸಿರುಗುಪ್ಪದ ಕಪ್ಪು ನೆಲಕ್ಕೆ ಈ ಮುಂಗಾರಿನಲ್ಲಿ ಮೆಣಸಿನಕಾಯಿ ಸಸಿ ಹೇಗೆ ಹೊಂದಿಸಲಿ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಏರುಮಡಿಯೇ (ನೆಲದಿಂದ ಎತ್ತರಿಸಿದ ಸಸಿಮಡಿ) ಅಗ್ಗ. ಬೀಜ, ಕೊಟ್ಟಿಗೆ ಗೊಬ್ಬರ, ಮನೆಯವರ ದುಡಿಮೆ ಸಾಕು. ಸ್ವಂತ ಬೀಜವಿದ್ದವರು ಬೇರೆ ದಾರಿ ಹುಡುಕಬೇಕಿಲ್ಲ. ಆದರೆ ಕಪ್ಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಜೋರು ಮಳೆ ಬಿದ್ದರೆ ಎಳೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ಮಡಿಯನ್ನು ಅರ್ಧ ಅಡಿಯಾದರೂ ಎತ್ತರಿಸಿ; ಬೀಜೋಪಚಾರ (ರೋಗ ತಡೆಯಲು ಬೀಜಕ್ಕೆ ಔಷಧಿ ಲೇಪಿಸುವುದು) ಮಾಡದೆ ಬಿತ್ತಲೇಬೇಡಿ.

98 ಗುಳಿಯ ಟ್ರೇ, ತೆಂಗಿನ ನಾರಿನ ಪುಡಿ, ಕೀಟ ತಡೆಯುವ ಬಲೆ ಎಲ್ಲ ಸೇರಿ ಮೊದಲ ವರ್ಷ ಕೈ ಕಚ್ಚುತ್ತದೆ. ಟ್ರೇಗಳನ್ನು ತೊಳೆದು ಮತ್ತೆ ಬಳಸಬಹುದು ಎಂಬುದೇ ಸಮಾಧಾನ. ದುಬಾರಿ ಹೈಬ್ರಿಡ್ ಬೀಜವಾದರೆ ನನ್ನ ಒಲವು ಇದರತ್ತ: ಗುಳಿಗೊಂದೇ ಬೀಜ ಸಾಕು, ಬೇರು ಹರಿಯದೆ ಸಸಿ ಹೊಲ ಸೇರುತ್ತದೆ. ಬಲೆಯೊಳಗೆ ಬಿಳಿನೊಣ ನುಸುಳದಿದ್ದರೆ ಎಲೆ ಮುಟುರು ರೋಗದ ಭಯವೂ ತಗ್ಗುತ್ತದೆ. ಆದರೆ ಗುಳಿಯಲ್ಲಿ ತೇವ ನಿಲ್ಲುವುದು ಕಡಿಮೆ. ನಮ್ಮ ಬಿಸಿಲಿಗೆ ಒಂದು ಹೊತ್ತು ನೀರು ತಪ್ಪಿದರೂ ಸಸಿ ಬಾಡುತ್ತದೆ. ದಿನವೂ ನೋಡಿಕೊಳ್ಳುವವರು, ಕೊಳವೆಬಾವಿಯ ನೀರು ಎರಡೂ ಇರಬೇಕು.

ಕಾಲುವೆ ನೀರಿನ ದಾರಿ ಕಾಯುವವರಿಗೆ ನರ್ಸರಿ ಅನುಕೂಲ: ನೀರು ಬಂದಾಗ ಬೆಳೆದ ಸಸಿಯನ್ನೇ ಕೊಂಡು ನೆಡಬಹುದು. ತಳಿಯ ಬಗ್ಗೆ ಅನುಮಾನವಿದ್ದರೆ ಬೀಜದ ಪೊಟ್ಟಣ ನೀವೇ ನರ್ಸರಿಯವರಿಗೆ ಕೊಟ್ಟು ಸಸಿ ಬೆಳೆಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ.