ಹೊಸ ಟಿವಿಯಲ್ಲಿ ತಾಳ ತಪ್ಪುತ್ತಿದೆಯೇ? ಗಿಟಾರ್ ಬಿಚ್ಚುವ ಮುಂಚೆ ಇದನ್ನು ಓದಿ

ಗಿಟಾರ್ ಹೀರೋ, ರಾಕ್ ಬ್ಯಾಂಡ್, ಕ್ಲೋನ್ ಹೀರೋ, ತೈಕೋ, ಸ್ಟೆಪ್‌ಮೇನಿಯಾದಂಥ, ಹಾಡಿನ ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವ ರಿದಂ ಗೇಮ್ ಆಡುವವರಿಗೆ ದೊಡ್ಡ ಟಿವಿ ಮನೆಗೆ ಬಂದ ವಾರವೇ ಈ ಪಾಡು ಶುರುವಾಗುತ್ತದೆ. ಹಳೆಯ ಡಬ್ಬಾ ಟಿವಿಯಲ್ಲಿ ಎಕ್ಸ್‌ಪರ್ಟ್ ಮಟ್ಟದಲ್ಲಿ ಐದು ಸ್ಟಾರ್ ಬರುತ್ತಿದ್ದ ಹಾಡು 55 ಇಂಚಿನ 4ಕೆ ಪರದೆಯ ಮುಂದೆ ಅರ್ಧಕ್ಕೇ ಮುಗ್ಗರಿಸುತ್ತದೆ. ಮೊದಲು ಕೈಯ ಮೇಲೆ ಅನುಮಾನ, ಆಮೇಲೆ ಆಟದ ಗಿಟಾರ್ ಕಂಟ್ರೋಲರ್ ಮೇಲೆ. ತಂತಿ ಮೀಟುವ ಬದಲು ಒತ್ತುವ ಸ್ಟ್ರಮ್ ಬಾರ್‌ನ ಸ್ವಿಚ್ ಬದಲಾಯಿಸಿದ್ದಾಯಿತು, ದುಬಾರಿ ಎಚ್‌ಡಿಎಂಐ ಕೇಬಲ್ ತಂದದ್ದಾಯಿತು, ಟಿವಿ ಕಂಪನಿಯ ಟೆಕ್ನಿಷಿಯನ್ ಬಂದು ಒಂದು ಯೂಟ್ಯೂಬ್ ವಿಡಿಯೋ ಹಾಕಿ "ಪಿಕ್ಚರ್ ಚೆನ್ನಾಗೇ ಇದೆಯಲ್ಲ ಸಾರ್" ಎಂದು ಹೋದದ್ದೂ ಆಯಿತು. ಅವರ ಲೆಕ್ಕದಲ್ಲಿ ಇದು ದೋಷವೇ ಅಲ್ಲ. ಆನ್‌ಲೈನ್‌ನಲ್ಲಿ ಕೊಂಡ ಟಿವಿಗೆ ಹಲವು ಕಡೆ ಬದಲಿ ಸೆಟ್ ಮಾತ್ರ ಸಿಗುತ್ತದೆ, ಹಣ ವಾಪಸ್ ಇಲ್ಲ. ಅದೇ ಮಾಡೆಲ್‌ನ ಬದಲಿ ಸೆಟ್ ಬಂದರೆ ಲ್ಯಾಗ್ (ಒತ್ತಿದ್ದು ಪರದೆಯಲ್ಲಿ ಕಾಣಲು ಆಗುವ ತಡ) ಕೂಡ ಅದೇ ಬರುತ್ತದೆ.

ಗಿಟಾರ್ ಕೆಟ್ಟಿದೆಯೋ ಟಿವಿ ತಡಮಾಡುತ್ತಿದೆಯೋ ಎಂದು ತಿಳಿಯುವುದು ಕಷ್ಟವಲ್ಲ. ಸ್ವಿಚ್ ಹಾಳಾಗಿದ್ದರೆ ತಪ್ಪು ಒಂದೇ ಥರ ಇರುವುದಿಲ್ಲ: ಹತ್ತು ಸ್ಟ್ರಮ್‌ನಲ್ಲಿ ಎರಡು ಬೀಳುವುದೇ ಇಲ್ಲ, ಇಲ್ಲವೇ ಒಂದು ಎರಡಾಗಿ ಬೀಳುತ್ತದೆ. ಲ್ಯಾಗ್ ಆದರೆ ಪ್ರತಿಯೊಂದು ನೋಟ್ (ಒತ್ತಬೇಕಾದ ಗುರುತು) ಕೂಡ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಪ್ಪುತ್ತದೆ. ಮೆನುವಿನಲ್ಲಿ ಸ್ಟ್ರಮ್ ಬಾರ್ ಒತ್ತಿದಾಗಲೂ ಆಯ್ಕೆಯ ಪಟ್ಟಿ ಸ್ವಲ್ಪ ತಡೆದು ಜರುಗುತ್ತದೆ. ಇಷ್ಟು ನೋಡದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ.

ಕಾರಣ ಟಿವಿಯೊಳಗಿನ ಪಿಕ್ಚರ್ ಪ್ರೊಸೆಸಿಂಗ್. ಒಳಬಂದ ಚಿತ್ರವನ್ನು ಟಿವಿ ಹಾಗೇ ತೋರಿಸುವುದಿಲ್ಲ. ನಾಯ್ಸ್ ತೆಗೆಯುತ್ತದೆ, ಅಂಚು ಹರಿತ ಮಾಡುತ್ತದೆ, ಚಲನೆ ನುಣುಪಾಗಲೆಂದು ಎರಡು ಫ್ರೇಮ್‌ಗಳ ನಡುವೆ ತಾನೇ ಒಂದು ಫ್ರೇಮ್ ಕಟ್ಟಿ ಸೇರಿಸುತ್ತದೆ. ನಡುವಿನ ಫ್ರೇಮ್ ಕಟ್ಟಬೇಕಾದರೆ ಮುಂದಿನ ಫ್ರೇಮ್ ಬರುವ ತನಕ ಕಾಯಲೇಬೇಕು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ಇಂಥ ಆರೇಳು ಫ್ರೇಮ್ ಒಳಗೆ ಕೂಡಿಬಿದ್ದರೆ 100 ಮಿಲಿಸೆಕೆಂಡ್ ದಾಟಿತು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಟಿವಿ ತನ್ನ ಸ್ಪೀಕರ್‌ನ ಸದ್ದನ್ನೂ ಅಷ್ಟೇ ತಡಮಾಡಿ ತುಟಿಗೆ ಮಾತು ಹೊಂದಿಸುತ್ತದೆ.

ರಿದಂ ಗೇಮ್‌ಗೆ ಇದು ಎಷ್ಟು ದೊಡ್ಡ ಮೊತ್ತ ಎಂಬುದಕ್ಕೆ ಲೆಕ್ಕ ನೋಡಿ. ಕ್ಲೋನ್ ಹೀರೋ ನೋಟ್‌ನ ಆಚೀಚೆ ತಲಾ 70 ಮಿಲಿಸೆಕೆಂಡ್ ಮಾತ್ರ ಅವಕಾಶ ಕೊಡುತ್ತದೆ. ಸ್ಟೆಪ್‌ಮೇನಿಯಾದ ಸಾಮಾನ್ಯ ಜಡ್ಜ್‌ಮೆಂಟ್‌ನಲ್ಲಿ (ತೀರ್ಪಿನ ದರ್ಜೆಗಳಲ್ಲಿ) ಅತಿ ನಿಖರವಾದ ಮಾರ್ವೆಲಸ್‌ಗೆ 22.5, ಪರ್ಫೆಕ್ಟ್‌ಗೆ 45, ಗ್ರೇಟ್‌ಗೆ 90. ಓಸು ಎಂಬ ಆಟದಲ್ಲಿ ಓಡಿ (ತೀರ್ಪಿನ ಕಟ್ಟುನಿಟ್ಟಿನ ಮಟ್ಟ) 8 ಇದ್ದರೆ ಪೂರ್ತಿ 300 ಅಂಕ ಸಿಗಲು ಸುಮಾರು 32. ಟಿವಿ ಒಂದೇ ಇವೆಲ್ಲವನ್ನೂ ನುಂಗಿ ಹಾಕುತ್ತದೆ.

ಎಲ್ಲರೂ ಹೆಚ್ಚಾಗಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆಟದ ಮೆನುವಿನಲ್ಲಿ ಕ್ಯಾಲಿಬ್ರೇಷನ್ (ಟಿವಿಯ ತಡ ಎಷ್ಟೆಂದು ಆಟಕ್ಕೆ ತಿಳಿಸುವ ಪರೀಕ್ಷೆ) ಅಂತ ಕಾಣುತ್ತದೆ, ಟಿವಿಯ ಸೆಟ್ಟಿಂಗ್ ಮುಟ್ಟದೆ ನೇರ ಅಲ್ಲಿಗೆ ಹೋಗಿ ಸರಿಮಾಡಿಕೊಳ್ಳುತ್ತಾರೆ. ಸ್ಟ್ಯಾಂಡರ್ಡ್ ಮೋಡ್‌ನಲ್ಲಿ ಚಿತ್ರ 120, ಸದ್ದು 100 ಮಿಲಿಸೆಕೆಂಡ್ ತಡ ಎಂದುಕೊಳ್ಳೋಣ. ಆಟ ಆ ಎರಡು ಅಂಕಿ ನೆನಪಿಟ್ಟುಕೊಂಡು ಚಿತ್ರವನ್ನು ಸದ್ದಿಗಿಂತ 20 ಮಿಲಿಸೆಕೆಂಡ್ ಮುಂಚೆ ಕಳಿಸುತ್ತದೆ, ನೀವು ಒತ್ತಿದ ಕ್ಷಣದಿಂದ 100 ಕಳೆದು ತೀರ್ಪು ಕೊಡುತ್ತದೆ. ಅಂಕವೇನೋ ಬರುತ್ತದೆ, ಆದರೆ ನೋಟ್ ಸಿಡಿಯುವ ಬೆಂಕಿ ಕಾಣುವುದು ಒತ್ತಿದ 120 ಮಿಲಿಸೆಕೆಂಡ್ ಆದ ಮೇಲೆ. ಆಟ ಮುಂಚೆಯೇ ಬಲ್ಲ ಸಂಗತಿಗಳನ್ನು, ಅಂದರೆ ಹಾಡು ಮತ್ತು ಬರಲಿರುವ ನೋಟ್‌ಗಳನ್ನು ಮಾತ್ರ ಹಿಂದೆಮುಂದೆ ಜರುಗಿಸಬಹುದು. ನೀವು ಯಾವಾಗ ಒತ್ತುತ್ತೀರಿ ಎಂಬುದು ಅದಕ್ಕೆ ಮುಂಚೆ ಗೊತ್ತಿಲ್ಲವಲ್ಲ. ಅಂದರೆ ಕ್ಯಾಲಿಬ್ರೇಷನ್ ಲ್ಯಾಗನ್ನು ಕಡಿಮೆ ಮಾಡುವುದಿಲ್ಲ, ಮರೆಮಾಚುತ್ತದೆ ಅಷ್ಟೇ.

ಆಮೇಲೆ ಯಾರೋ ಹೇಳಿದರೆಂದು ಟಿವಿಯ ಗೇಮ್ ಮೋಡ್ (ಪಿಕ್ಚರ್ ಪ್ರೊಸೆಸಿಂಗ್‌ನ ಬಹುಪಾಲನ್ನು ಬಿಟ್ಟುಬಿಡುವ ಸೆಟ್ಟಿಂಗ್) ಹಾಕುತ್ತಾರೆ. ಸದ್ದಿನ ತಡ 100ರಿಂದ 20ಕ್ಕೆ ಇಳಿಯಿತು. ಆಟ ಮಾತ್ರ ಇನ್ನೂ 100 ಕಳೆಯುತ್ತಲೇ ಇದೆ. ಕಿವಿಗೆ ಸರಿಯಾಗಿ ಹೊಡೆದ ಪ್ರತಿ ನೋಟ್ 80 ಮಿಲಿಸೆಕೆಂಡ್ ಮುಂಚೆ ಎಂದು ದಾಖಲಾಗುತ್ತದೆ. ಕ್ಲೋನ್ ಹೀರೋದ ಅವಕಾಶ 70. ತಾಳ ಗಟ್ಟಿಯಿದ್ದವರಿಗೇ ಒಂದು ನೋಟ್ ಕೂಡ ಬೀಳುವುದಿಲ್ಲ! "ಗೇಮ್ ಮೋಡ್ ಹಾಕಿದರೆ ಇನ್ನೂ ಹಾಳಾಯ್ತು" ಎಂಬ ದೂರು ಹುಟ್ಟುವುದು ಹೀಗೆ. ಕೆಟ್ಟದ್ದು ಗೇಮ್ ಮೋಡ್ ಅಲ್ಲ, ಹಳೆಯ ಅಂಕಿ.

ಹಾಗಾಗಿ ಆಟದಲ್ಲಿ ಈಗಾಗಲೇ ಅಂಕಿ ಹಾಕಿದ್ದರೆ ಮೊದಲು ಎರಡನ್ನೂ ಸೊನ್ನೆ ಮಾಡಿ. ನಂತರ ಟಿವಿಗೆ ಬನ್ನಿ. ಸೋನಿಯಲ್ಲಿ ಪಿಕ್ಚರ್ ಮೋಡ್‌ನಲ್ಲೇ ಗೇಮ್ ಇದೆ. ಎಲ್‌ಜಿಯ ಈಚಿನ ಸೆಟ್‌ಗಳಲ್ಲಿ ಗೇಮ್ ಆಪ್ಟಿಮೈಸರ್. ಹಲವು ಸ್ಯಾಮ್‌ಸಂಗ್ ಸೆಟ್‌ಗಳಲ್ಲಿ ಅದು ಪಿಕ್ಚರ್ ಪಟ್ಟಿಯಲ್ಲಿ ಸಿಗುವುದಿಲ್ಲ, ಎಕ್ಸ್‌ಟರ್ನಲ್ ಡಿವೈಸ್ ಮ್ಯಾನೇಜರ್ ಒಳಗೆ ಹೋಗಬೇಕು, ಅದೂ ಕನ್ಸೋಲ್ ಇರುವ ಇನ್‌ಪುಟ್ ಆರಿಸಿಕೊಂಡ ಮೇಲೆ. ಅಲ್ಲಿ ಗೇಮ್ ಮೋಷನ್ ಪ್ಲಸ್ ಎಂಬ ಇನ್ನೊಂದು ಗುಂಡಿ ಇದೆ, ಅದನ್ನು ಆಫ್ ಇಡಿ. ಗೇಮ್ ಮೋಡ್‌ನ ಒಳಗೇ ಕೂತು ಮತ್ತೆ ಲ್ಯಾಗ್ ತರುವ ಆಸಾಮಿ ಅದು. ಗೇಮ್ ಮೋಡ್ ಇಲ್ಲದ ಹಳೆಯ ಎಚ್‌ಡಿ ಟಿವಿಯಾದರೆ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಾಯಿಸಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಹೆಸರು ಬದಲಾದರೆ ಒಳಗಿನ ಪ್ರೊಸೆಸಿಂಗ್ ಕೂಡ ಬಿಟ್ಟುಹೋಗುತ್ತದೆ. ಮೋಷನ್‌ಫ್ಲೋ, ಟ್ರೂಮೋಷನ್, ಆಟೋ ಮೋಷನ್ ಪ್ಲಸ್, ನಡುವೆ ಫ್ರೇಮ್ ಸೇರಿಸುವ ಸೆಟ್ಟಿಂಗ್‌ನ ಹೆಸರು ಏನೇ ಇರಲಿ, ಆಫ್. ನಾಯ್ಸ್ ರಿಡಕ್ಷನ್ ಕೂಡ ಆಫ್.

ಬಣ್ಣ ಪೇಲವ ಕಾಣುತ್ತದೆ ಎಂದು ಮನೆಯಲ್ಲಿ ಯಾರಾದರೂ ವಿವಿಡ್ ಮೋಡ್‌ಗೆ ತಿರುಗಿಸುತ್ತಾರೆ, ಇದು ಖಂಡಿತ ನಡೆಯುತ್ತದೆ. ಕನ್ಸೋಲ್‌ಗೆ ಒಂದು ಎಚ್‌ಡಿಎಂಐ ಪೋರ್ಟ್ ಬೇರೆಯೇ ಮೀಸಲಿಟ್ಟರೆ ಹೆಚ್ಚಿನ ಟಿವಿಗಳು ಆ ಪೋರ್ಟ್‌ನ ಸೆಟ್ಟಿಂಗನ್ನು ಪ್ರತ್ಯೇಕ ನೆನಪಿಡುತ್ತವೆ.

ಸದ್ದಿನ ಕಥೆ ಬೇರೆ. ಬ್ಲೂಟೂತ್ ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್ ಈ ಆಟಗಳಿಗೆ ಬೇಡವೇ ಬೇಡ. ಬ್ಲೂಟೂತ್ ಸದ್ದು ಕಳಿಸುವ ಸಾಮಾನ್ಯ ಪದ್ಧತಿಯಾದ ಎಸ್‌ಬಿಸಿ ಕೊಡೆಕ್‌ನಲ್ಲಿ ತಡ 150ರಿಂದ 250 ಮಿಲಿಸೆಕೆಂಡ್ ತನಕ ಹೋಗುತ್ತದೆ, ಸಾಲದ್ದಕ್ಕೆ ಪ್ರತಿ ಸಲ ಕನೆಕ್ಟ್ ಮಾಡಿದಾಗ ಅದೇ ಅಂಕಿ ಬರುವುದಿಲ್ಲ. ದಿನಕ್ಕೊಂದು ಥರ ಇರುವುದಕ್ಕೆ ಕ್ಯಾಲಿಬ್ರೇಷನ್ ಏನು ಮಾಡೀತು? ಸೌಂಡ್‌ಬಾರ್ ಇದ್ದರೆ ಕನ್ಸೋಲ್‌ನಲ್ಲೂ ಟಿವಿಯಲ್ಲೂ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು ಪಿಸಿಎಂಗೆ (ಕಟ್ಟುಮಾಡದ ಸದ್ದು) ಇಡಿ. ಡಾಲ್ಬಿ ಇಟ್ಟರೆ ಒಂದು ಕಡೆ ಸದ್ದನ್ನು ಕಟ್ಟುಮಾಡಬೇಕು, ಇನ್ನೊಂದು ಕಡೆ ಬಿಚ್ಚಬೇಕು, ಎರಡಕ್ಕೂ ಸಮಯ ತಗಲುತ್ತದೆ. ಸೌಂಡ್‌ಬಾರ್‌ನ ಸರೌಂಡ್, ವರ್ಚುವಲ್ ಪರಿಣಾಮಗಳೂ ಬೇಡ. ಎಲ್ಲಕ್ಕಿಂತ ಒಳ್ಳೆಯದು ಕಂಟ್ರೋಲರ್‌ನ 3.5 ಎಂಎಂ ಜ್ಯಾಕ್‌ಗೆ ವೈರ್ ಹೆಡ್‌ಫೋನ್ ಅಥವಾ ಕನ್ಸೋಲ್‌ನಿಂದಲೇ ನೇರ ಆಪ್ಟಿಕಲ್. ಪಿಎಸ್5, ಪಿಎಸ್4 ಸ್ಲಿಮ್, ಎಕ್ಸ್‌ಬಾಕ್ಸ್ ಸೀರೀಸ್ ಮೂರರಲ್ಲೂ ಆಪ್ಟಿಕಲ್ ಪೋರ್ಟ್ ಇಲ್ಲ ಎಂಬುದು ನೆನಪಿರಲಿ. ಇನ್ನು ಮೂರು ಮೀಟರ್ ದೂರದ ಸ್ಪೀಕರ್‌ನಿಂದ ಗಾಳಿಯಲ್ಲಿ ಬರಲೇ ಸದ್ದಿಗೆ ಸುಮಾರು 9 ಮಿಲಿಸೆಕೆಂಡ್ ಬೇಕು, ಆದ್ದರಿಂದ ಆಡುವ ಜಾಗದಲ್ಲೇ ನಿಂತು ಕ್ಯಾಲಿಬ್ರೇಟ್ ಮಾಡಿ.

ಸದ್ದಿನ ತಡವನ್ನು ಮರೆಮಾಚಲೂ ಆಗದ ಕೆಲವು ಜಾಗಗಳಿವೆ. ರಾಕ್ ಬ್ಯಾಂಡ್ ಡ್ರಮ್ಸ್‌ನಲ್ಲಿ ಓವರ್‌ಡ್ರೈವ್‌ಗೆ (ಅಂಕ ಹೆಚ್ಚಿಸುವ ಶಕ್ತಿಗೆ) ಮುಂಚೆ ಬರುವ ಫಿಲ್ ಅನ್ನೇ, ಅಂದರೆ ನೀವೇ ಮನಸ್ಸಿಗೆ ಬಂದಂತೆ ಬಾರಿಸುವ ತುಣುಕನ್ನೇ ನೋಡಿ. ಅಲ್ಲಿ ಸದ್ದು ಹುಟ್ಟುವುದೇ ನೀವು ಹೊಡೆದ ಮೇಲೆ. ಕಡ್ಡಿ ಪ್ಯಾಡ್‌ಗೆ ಬಿದ್ದ 100 ಮಿಲಿಸೆಕೆಂಡ್ ಬಳಿಕ ಸ್ನೇರ್ ಕೇಳಿದರೆ ಎಂಥ ಡ್ರಮ್ಮರ್ ಕೂಡ ತಾನಾಗಿಯೇ ನಿಧಾನವಾಗುತ್ತಾರೆ, ಫಿಲ್ ಮುಗಿಯುವ ಹೊತ್ತಿಗೆ ಹಾಡು ಮುಂದೆ ಹೋಗಿರುತ್ತದೆ. ಗುಂಡಿ ಒತ್ತಿದಾಗಲೇ ಸ್ವರ ಹೊರಡಿಸುವ ಬೀಟ್‌ಮೇನಿಯಾ ಥರದ ಆಟಗಳದ್ದೂ ಇದೇ ಕಷ್ಟ. ಇಲ್ಲಿ ಸದ್ದಿನ ದಾರಿಯನ್ನೇ ಗಿಡ್ಡ ಮಾಡದೆ ಬೇರೆ ಉಪಾಯವಿಲ್ಲ.

ಎಷ್ಟು ಕಡಿಮೆಯಾಯಿತು ಎಂದು ಅಳೆಯಲು ಫೋನ್ ಸಾಕು. ಸ್ಲೋ ಮೋಷನ್ 240 ಎಫ್‌ಪಿಎಸ್‌ಗೆ ಇಡಿ, ಗುಂಡಿ ಒತ್ತುವ ಬೆರಳು ಮತ್ತು ಟಿವಿ ಎರಡೂ ಫ್ರೇಮ್‌ನಲ್ಲಿ ಬರಲಿ. ಬೆರಳು ತಳ ಮುಟ್ಟಿದ ಫ್ರೇಮ್‌ನಿಂದ ಪರದೆ ಬದಲಾದ ಫ್ರೇಮ್ ತನಕ ಎಣಿಸಿ 4.17ರಿಂದ ಗುಣಿಸಿ. 36 ಫ್ರೇಮ್ ಬಂದರೆ 150 ಮಿಲಿಸೆಕೆಂಡ್. ಇದರಲ್ಲಿ ಆಟ ತಾನೇ ತೆಗೆದುಕೊಳ್ಳುವ ಕೆಲವು ಫ್ರೇಮ್ ಕೂಡ ಸೇರಿರುವುದರಿಂದ ಪೂರ್ತಿ ಟಿವಿಯ ತಲೆಗೆ ಕಟ್ಟಬೇಡಿ. ಗೇಮ್ ಮೋಡ್ ಇದ್ದಾಗ, ಇಲ್ಲದಾಗ ಎರಡು ಸಲ ಅಳೆದರೆ ನಡುವಿನ ವ್ಯತ್ಯಾಸ ಟಿವಿಯದ್ದೇ.

ಈಗ ಕ್ಯಾಲಿಬ್ರೇಷನ್. ಸದ್ದಿನ ಪರೀಕ್ಷೆ ಮಾಡುವಾಗ ಕಣ್ಣು ಮುಚ್ಚಿ, ಪರದೆ ನೋಡಿದರೆ ಕೈ ಗೊತ್ತಿಲ್ಲದೆ ಅದಕ್ಕೆ ಓಲುತ್ತದೆ. ಚಿತ್ರದ ಪರೀಕ್ಷೆಯಲ್ಲಿ ಟಿವಿಯ ಸದ್ದು ನಿಲ್ಲಿಸಿ, ಸ್ಟ್ರಮ್ ಬಾರ್‌ನ ಟಿಕ್ ಟಿಕ್ ಕೇಳಿಸಿಕೊಳ್ಳದೆ ಬೆಳಕಿನ ಜೊತೆ ಒತ್ತಿ. ಐದಾರು ಸಲ ಮಾಡಿ, ಅಂಕಿಗಳನ್ನು ಏರಿಕೆಯಲ್ಲಿ ಬರೆದು ನಡುವಿನದ್ದನ್ನು ಹಿಡಿಯಿರಿ. ಒಂದಕ್ಕೂ ಇನ್ನೊಂದಕ್ಕೂ 30 ಮಿಲಿಸೆಕೆಂಡ್ ಅಂತರ ಬರುತ್ತಿದ್ದರೆ ಅವತ್ತಿಗೆ ಬಿಟ್ಟುಬಿಡಿ, ದಣಿದ ಕೈಯ ಅಂಕಿ ನಂಬಬಾರದು. ರಾಕ್ ಬ್ಯಾಂಡ್ 2ರ ಜೊತೆ ಬಂದ ಗಿಟಾರ್ ಇದ್ದವರಿಗೆ ಈ ಗೋಳಿಲ್ಲ: ಅದರಲ್ಲಿ ಬೆಳಕಿನ ಸೆನ್ಸರ್ ಮತ್ತು ಪುಟ್ಟ ಮೈಕ್ ಇದೆ, ಪರದೆಗೆ ಹಿಡಿದರೆ ತಾನೇ ಅಳೆಯುತ್ತದೆ. ಪರದೆಯ ನಡುಭಾಗಕ್ಕೇ ಹಿಡಿಯಿರಿ. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುವುದರಿಂದ ಮೇಲಂಚಿಗೂ ನಡುವಿಗೂ ಸುಮಾರು 8 ಮಿಲಿಸೆಕೆಂಡ್ ಫರಕು ಇರುತ್ತದೆ.

ಕೈಯಾರೆ ಅಂಕಿ ಬರೆಯುವ ಆಟಗಳಲ್ಲಿ ಪ್ಲಸ್ ಎಂದರೆ ಮುಂಚೆಯೋ ತಡವೋ ಎಂಬುದು ಒಂದೊಂದು ಆಟಕ್ಕೆ ಒಂದೊಂದು ರೀತಿ. ಮೊದಲು ಬೇಕೆಂದೇ 50 ಹಾಕಿ ನೋಡಿ, ಯಾವ ಕಡೆ ಕೆಟ್ಟಿತು ಎಂದು ತಿಳಿದರೆ ದಿಕ್ಕು ಸಿಕ್ಕಿತು. ಸ್ಟೆಪ್‌ಮೇನಿಯಾದಲ್ಲಿ ಆಡುತ್ತಿರುವಾಗ ಎಫ್6 ಒತ್ತಿದರೆ ಆಟೋಸಿಂಕ್ ಸಿಗುತ್ತದೆ, ಆದರೆ ಮೊದಲ ಒತ್ತಿಗೆ ಬರುವುದು ಸಾಂಗ್. ಅದು ಆ ಒಂದು ಹಾಡಿನ ಫೈಲನ್ನೇ ತಿದ್ದುತ್ತದೆ. ನಿಮಗೆ ಬೇಕಿರುವುದು ಎಲ್ಲ ಹಾಡಿಗೂ ಅನ್ವಯಿಸುವ ಮೆಷಿನ್, ಇನ್ನೊಮ್ಮೆ ಒತ್ತಿ. ಟಿವಿಯ ತಪ್ಪನ್ನು ಹಾಡಿನೊಳಗೆ ಸೇವ್ ಮಾಡಿಕೊಂಡು ಹೋದರೆ ಪ್ಯಾಕ್‌ನ ಒಂದೊಂದು ಹಾಡೂ ಒಂದೊಂದು ಕಡೆ ವಾಲುತ್ತದೆ, ಕೊನೆಗೆ ಮತ್ತೆ ಡೌನ್‌ಲೋಡ್ ಮಾಡದೆ ಗತ್ಯಂತರವಿಲ್ಲ. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಆಡುವವರು ವಿಂಡೋಸ್ ಮತ್ತು ಪಿ ಒತ್ತಿ ಟಿವಿ ಪರದೆ ಒಂದನ್ನೇ ಇಟ್ಟುಕೊಳ್ಳಿ, ಆಟದ ವಿ-ಸಿಂಕ್ (ಪರದೆಯ ಫ್ರೇಮ್‌ಗಾಗಿ ಕಾಯುವ ಸೆಟ್ಟಿಂಗ್) ಆಫ್ ಮಾಡಿ. ವೈಫೈ ಮೂಲಕ ಟಿವಿಗೆ ಕಾಸ್ಟ್ ಮಾಡಿ ಆಡುವ ಆಸೆಯಿದ್ದರೆ ಬಿಟ್ಟುಬಿಡಿ.

ಪಿಎಸ್2 ಇಟ್ಟುಕೊಂಡವರಿಗೆ ಇನ್ನೊಂದು ಹಳ್ಳ ಇದೆ. ನಮ್ಮಲ್ಲಿ ಮಾರಿದ ಪಿಎಸ್2 ಪಾಲ್ ಪದ್ಧತಿಯದ್ದು, ಹಳದಿ ಕೆಂಪು ಬಿಳಿ ವೈರ್‌ನಲ್ಲಿ ಹೊರಡುವುದು ಸಾಮಾನ್ಯವಾಗಿ 576ಐ, ಅಂದರೆ ಅರ್ಧರ್ಧ ಗೆರೆಗಳ ಚಿತ್ರ, 20 ಮಿಲಿಸೆಕೆಂಡಿಗೊಂದು. ಈ ಅರ್ಧಗಳನ್ನು ಜೋಡಿಸಲು ಟಿವಿ ಮತ್ತೆ ಕಾಯುತ್ತದೆ, ಎವಿ ಇನ್‌ಪುಟ್‌ನಲ್ಲಿ ಗೇಮ್ ಮೋಡ್ ಹಾಕಲು ಬಿಡದ ಟಿವಿಗಳೂ ಇವೆ. ಅಗ್ಗದ ಎವಿ ಟು ಎಚ್‌ಡಿಎಂಐ ಡಬ್ಬಿ ತರಬೇಡಿ: ಅದು ತಾನೇ ಚಿತ್ರ ಹಿಗ್ಗಿಸಿ 1080ಪಿ ಮಾಡುವಾಗ ತನ್ನ ಪಾಲಿನ ತಡವನ್ನೂ ಸೇರಿಸುತ್ತದೆ. ಕಾಂಪೊನೆಂಟ್ ಕೇಬಲ್ ಹಾಕಿ ಓಎಸ್‌ಎಸ್‌ಸಿ ಥರದ, ಗೆರೆಗಳನ್ನು ಮಾತ್ರ ದುಪ್ಪಟ್ಟು ಮಾಡುವ ಉಪಕರಣ ಬಳಸಿದರೆ ಹೆಚ್ಚುವರಿ ತಡ ಲೆಕ್ಕಕ್ಕಿಲ್ಲ. ಇಲ್ಲವೇ ಹಳೆಯ ಸಿಆರ್‌ಟಿ ಡಬ್ಬಾ ಟಿವಿಯನ್ನೇ ಅಟ್ಟದಿಂದ ಇಳಿಸಿ, ಆದರೆ ಮೇಲೆ 100 ಹರ್ಟ್ಸ್ ಎಂದು ಬರೆದಿದ್ದರೆ ಅದರೊಳಗೂ ಚಿತ್ರ ಹಿಡಿದಿಡುವ ಡಿಜಿಟಲ್ ಸರ್ಕ್ಯೂಟ್ ಇರುತ್ತದೆ.

ಹೊಸದಾಗಿ ಕೊಳ್ಳುವವರು ಅಂಗಡಿಯ ಎರಡು ಮಾತಿಗೆ ಬೀಳಬೇಡಿ. "1 ಮಿಲಿಸೆಕೆಂಡ್" ಎಂದು ಡಬ್ಬಿಯ ಮೇಲೆ ಇರುವುದು ಪಿಕ್ಸೆಲ್ ಬಣ್ಣ ಬದಲಾಯಿಸುವ ವೇಗ. ಇನ್‌ಪುಟ್ ಲ್ಯಾಗ್‌ಗೂ ಅದಕ್ಕೂ ಸಂಬಂಧವಿಲ್ಲ. "ಮೋಷನ್ ರೇಟ್ 120" ಎಂದರೆ ಪ್ಯಾನೆಲ್ 120 ಹರ್ಟ್ಸ್ ಎಂದಲ್ಲ, ಎಷ್ಟೋ ಸಲ ಒಳಗಿರುವುದು 60ರದ್ದೇ. ಕೇಳಬೇಕಾದ್ದು ಗೇಮ್ ಮೋಡ್‌ನಲ್ಲಿ ಇನ್‌ಪುಟ್ ಲ್ಯಾಗ್ ಎಷ್ಟು, 1080ಪಿ 60ರಲ್ಲಿ ಎಷ್ಟು, 4ಕೆಯಲ್ಲಿ ಎಷ್ಟು. 20ರ ಒಳಗಿದ್ದರೆ ನಿಶ್ಚಿಂತೆ. ಕೇಬಲ್ ಎಷ್ಟೇ ದುಬಾರಿ ಇರಲಿ, ಒಂದು ಮಿಲಿಸೆಕೆಂಡನ್ನೂ ಉಳಿಸುವುದಿಲ್ಲ.

ಎಚ್‌ಡಿಎಂಐ 2.1ರ ಜೊತೆ ಬಂದ ಎಎಲ್‌ಎಲ್‌ಎಂ ಎಂಬ ಸೌಲಭ್ಯ ಇದ್ದರೆ ಕನ್ಸೋಲ್ ಹಚ್ಚಿದ ಕೂಡಲೇ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗುತ್ತದೆ. ಪಿಎಸ್3, ಎಕ್ಸ್‌ಬಾಕ್ಸ್ 360 ಕಾಲದ ಕನ್ಸೋಲ್‌ಗಳಿಗೆ ಆ ಭಾಷೆ ಬರುವುದಿಲ್ಲ, ನೀವೇ ಹಾಕಬೇಕು. ಕೊನೆಗೆ ಸಿಕ್ಕ ಎರಡು ಅಂಕಿ, ಪಿಕ್ಚರ್ ಮೋಡ್, ರೆಸಲ್ಯೂಷನ್, ಎಚ್‌ಡಿಆರ್ ಇತ್ತೋ ಇಲ್ಲವೋ, ಸದ್ದು ಎಲ್ಲಿಂದ ಬರುತ್ತಿತ್ತು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಟಿವಿಯ ಹಿಂಬದಿಗೆ ಅಂಟಿಸಿ. ಇವುಗಳಲ್ಲಿ ಯಾವುದು ಬದಲಾದರೂ ಅಂಕಿ ಬದಲಾಗುತ್ತದೆ. ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಪಿಕ್ಚರ್ ಮೋಡ್ ಸದ್ದಿಲ್ಲದೆ ಸ್ಟ್ಯಾಂಡರ್ಡ್‌ಗೆ ಮರಳಿರುವುದುಂಟು. ನಿನ್ನೆ ಚೆನ್ನಾಗಿ ಬೀಳುತ್ತಿದ್ದ ನೋಟ್ ಇವತ್ತು ಬೀಳದಿದ್ದರೆ ಆಟದ ಅಂಕಿ ಮುಟ್ಟದೆ ಮೊದಲು ಅದನ್ನು ನೋಡಿ.