ಆರ್ಡುಯಿನೊ ಸ್ಟಿಮ್ಯುಲೇಟರ್: ಬಹಳ ದಿನ ಬಳಸಿದ ಮೇಲೆ

ಬೆಳೆಸಿದ ಸ್ನಾಯುಕೋಶಗಳಿಗೆ ಶಾಕ್ ಕೊಡಲು ನಾವೇ ಜೋಡಿಸಿಕೊಂಡ ಸೆಟ್ ಇದು. ಬೋರ್ಡಿಗೆ ಐದಕ್ಕೆ ಐದು ಸ್ಟಾರ್, ತಂತಿಗಳಿಗೆ ಎರಡು.

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಇಲಿಯ ಸ್ನಾಯುಕೋಶ ಸಿ2ಸಿ12 ಬೆಳೆಸುತ್ತೇವೆ. ಕೋಶಗಳು ಬೆಸೆದು ಉದ್ದನೆಯ ಎಳೆಗಳಾದ ಮೇಲೆ ಸೆಕೆಂಡಿಗೊಂದು ಸಣ್ಣ ಶಾಕ್ ಕೊಡಬೇಕು. ಅದಕ್ಕೆಂದೇ ಮಾರುವ ಮಷಿನ್‌ಗೆ ಲಕ್ಷಗಟ್ಟಲೆ ಬೇಕು. ನಮ್ಮದು ಪ್ರೋಗ್ರಾಂ ಹಾಕಿ ನಡೆಸುವ ಆರ್ಡುಯಿನೊ ಊನೊ ತರದ ಪುಟ್ಟ ಬೋರ್ಡ್, ಎಲ್298ಎನ್ ಮೋಟಾರ್ ಡ್ರೈವರ್, 12 ವೋಲ್ಟ್ ಅಡಾಪ್ಟರ್. ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಸಾಮಾನು ಮಾರುವ ಅಂಗಡಿಯಲ್ಲೇ ಸಿಗುತ್ತವೆ, ಎರಡು ಸಾವಿರದೊಳಗೆ ಮುಗಿಯುತ್ತದೆ. ಕೋಶಗಳಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಕಡ್ಡಿ ಮಾತ್ರ ಹೊರಗಿನಿಂದ ತರಿಸಬೇಕು.

ಮೋಟಾರ್ ಡ್ರೈವರ್ ಯಾಕೆ ಅಂದರೆ, ಅದು ಪ್ಲಸ್ ಮೈನಸ್ ಅದಲುಬದಲು ಮಾಡುತ್ತದೆ. ಒಂದೇ ದಿಕ್ಕಿಗೆ ಕರೆಂಟ್ ಹರಿಸುತ್ತಿದ್ದರೆ ಮೀಡಿಯಾ, ಅಂದರೆ ಕೋಶಗಳು ಬೆಳೆಯುವ ದ್ರವ, ಕೆಡುತ್ತದೆ. ನಾವು 2 ಮಿಲಿಸೆಕೆಂಡ್ ಆ ಕಡೆ, 2 ಮಿಲಿಸೆಕೆಂಡ್ ಈ ಕಡೆ ಕೊಡುತ್ತೇವೆ. ಆಮೇಲೆ ಡ್ರೈವರಿನ ಎರಡೂ ಇನ್‌ಪುಟ್ ಲೋ (ಸೊನ್ನೆ ವೋಲ್ಟ್) ಮಾಡಿದರೆ ಕಡ್ಡಿಗಳೆರಡೂ ಡ್ರೈವರಿನೊಳಗೇ ಶಾರ್ಟ್ ಆಗಿ, ಉಳಿದ ಚಾರ್ಜ್ ಇಳಿದುಹೋಗುತ್ತದೆ. ಮೋಟಾರಿನವರು ಇದನ್ನೇ ಬ್ರೇಕ್ ಅನ್ನುತ್ತಾರೆ. ಡ್ರೈವರೇ ಎರಡು ವೋಲ್ಟ್‌ನಷ್ಟು ನುಂಗುವುದರಿಂದ ಹೊರಗೆ ಹತ್ತರ ಆಸುಪಾಸು ಬರುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಬೇಸಿಗೆಯಲ್ಲಿ ಕರೆಂಟ್ ಹೋಗಿಬರುವುದು ಗೊತ್ತೇ ಇದೆಯಲ್ಲ. ಬಂದ ಕೂಡಲೇ ಬೋರ್ಡ್ ತಾನಾಗಿ ಶುರುವಾಗುತ್ತದೆ. ಆದರೆ ಪ್ರೋಗ್ರಾಂ ಏಳುವವರೆಗೆ ಪಿನ್‌ಗಳಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಡ್ರೈವರನ್ನು ಸದಾ ಆನ್ ಇಡುವ ಪುಟ್ಟ ಎನೇಬಲ್ ಜಂಪರ್ ಕಿತ್ತು, ಆ ಪಿನ್ನನ್ನು ಆರ್ಡುಯಿನೊಗೆ ಕೊಟ್ಟು, 10 ಕಿಲೋ ಓಮ್ ರೆಸಿಸ್ಟರಿನಿಂದ ಗ್ರೌಂಡಿಗೂ ಕಟ್ಟಿ. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಕೋಶಗಳಿಗೆ ಏನು ಬೀಳುತ್ತದೋ ಯಾರಿಗೆ ಗೊತ್ತು?

ಇನ್ನು ತಂತಿಗಳ ಕಾಟ. ಕೋಶಗಳನ್ನಿಡುವ ಇನ್‌ಕ್ಯುಬೇಟರ್ ಒಳಗೆ 37 ಡಿಗ್ರಿ, ಸದಾ ತೇವ. ಕ್ರೊಕೊಡೈಲ್ ಕ್ಲಿಪ್ಪಿನ ಹಲ್ಲಿನ ಸಂದಿಯಲ್ಲಿ ಮೊದಲು ಹಸಿರು ಚುಕ್ಕೆ ಕಾಣುತ್ತದೆ, ನೋಡನೋಡುತ್ತಲೇ ಪೂರ್ತಿ ಹರಡುತ್ತದೆ. ಆ ತಾಮ್ರ ವೆಲ್ಲಿಗೆ (ಪ್ಲೇಟಿನಲ್ಲಿ ಕೋಶ ಬೆಳೆಯುವ ಗುಂಡಿಗೆ) ಇಳಿದರೆ ಕೋಶಗಳ ಕಥೆ ಮುಗಿಯಿತು. ಈಗ ಕಡ್ಡಿಯ ತಲೆಗೆ ಪ್ಲಾಟಿನಂ ತಂತಿ ಸುತ್ತಿ, ಮೇಲೆ ಸಿಲಿಕೋನ್ ಬಳಿದಿದ್ದೇವೆ. ಇಡೀ ಸೆಟ್ಟಿನಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಆ ಗೇಣುದ್ದದ ತಂತಿಗೇ! ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವ ತನಕ ಒಳಗಿಡಬೇಡಿ. ಹೊಸ ಕಡ್ಡಿ ಕರಿ ಪುಡಿ ಬಿಡುತ್ತದೆ, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ತೊಳೆದು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲಿ). ಮೀಡಿಯಾ ದಿನಾ ಬದಲಿಸಿ.

ಶಾಕ್ ಕೊಟ್ಟ ಮೊದಲ ದಿನವೇ ಎಳೆಗಳು ಮಿಡಿಯಲಿಲ್ಲ ಅಂತ ಬೋರ್ಡನ್ನು ಬೈಯಬೇಡಿ. ಎಳೆ ಬಲಿಯಬೇಕು. ಆರೂ ವೆಲ್‌ಗಳಿಗೆ ಒಂದೇ ಪಲ್ಸ್ ಹೋಗುತ್ತದೆ, ಎಷ್ಟು ಕರೆಂಟ್ ಹರಿಯಿತು ಅನ್ನುವ ಲೆಕ್ಕ ಇದು ಇಡುವುದಿಲ್ಲ. ವೆಲ್ಲಿಗೊಂದು ಬೇರೆ ಪಲ್ಸ್ ಬೇಕು ಅನ್ನುವವರು ದುಬಾರಿ ಮಷಿನ್‌ನೇ ಕೊಳ್ಳಿ.