ರೊಟ್ಟಿ, ಹಿಂಡಿ ಮತ್ತು ಪ್ಯಾಲೆಸ್ಟೈನಿನ ಎಣ್ಣೆ

ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಹಿಂಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ ಸುರಿದ ಗಾಣದ ಕುಸುಬಿ ಎಣ್ಣೆ. ಇಂಗ್ಲೆಂಡಿನ ನಮ್ಮ ಮನೆಗೆ ಹಿಂಡಿ ಊರಿಂದ ಬರುತ್ತದೆ, ಕಟಕ ರೊಟ್ಟಿಯೂ ಬರುತ್ತದೆ. ಎಣ್ಣೆ ತರಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಸೂಟ್‌ಕೇಸಿನಲ್ಲಿ ಸೋರಿದರೆ ಸೀರೆ, ಶರ್ಟು ಎಲ್ಲ ಮುಗಿದಂತೆ. ಇಲ್ಲಿಯ ಸೂರ್ಯಕಾಂತಿ ಎಣ್ಣೆ ಹಾಕಿಕೊಂಡರೆ ಬಾಯಲ್ಲಿ ಜಿಡ್ಡು ಉಳಿಯುತ್ತದೆ, ರುಚಿ ಉಳಿಯುವುದಿಲ್ಲ.

ಆ ಜಾಗಕ್ಕೆ ಬಂದು ಕೂತದ್ದು ಜೈತೂನ್ ಎಂಬ ಬ್ರಿಟಿಷ್ ಸಂಸ್ಥೆ ತರಿಸುವ ಪ್ಯಾಲೆಸ್ಟೈನಿನ ಎಕ್ಸ್‌ಟ್ರಾ ವರ್ಜಿನ್, ಅಂದರೆ ರಿಫೈನ್ ಮಾಡದ, ಆಲಿವ್ ಎಣ್ಣೆ. ಕೊಂಡದ್ದು ರೈತರಿಗೆ ನೆರವಾಗಲಿ ಅಂತ. ಕೆಲವು ವರ್ಷಗಳಿಂದ ಬಿಡದೆ ಕೊಳ್ಳುತ್ತಿರುವುದು ಶುದ್ಧ ನಾಲಿಗೆಯ ಚಪಲಕ್ಕೆ. ಹಿಂಡಿಯ ಮೇಲೆ ಸುರಿದು, ಅರೆಗಳಿಗೆ ಬಿಟ್ಟು, ರೊಟ್ಟಿಯ ಚೂರಿನಿಂದ ಒತ್ತಿ ತಿನ್ನಬೇಕು. ಮೊದಲು ಹಸಿ ಎಲೆಯ ವಾಸನೆ, ಆಮೇಲೆ ಸಣ್ಣ ಕಹಿ, ನುಂಗುವಾಗ ಗಂಟಲಲ್ಲಿ ಚುರುಕ್. ಈ ಚುರುಕು ದೋಷವಲ್ಲ. ತಾಜಾ ಎಣ್ಣೆಯಲ್ಲಿರುವ ಓಲಿಯೋಕ್ಯಾಂತಾಲ್ ಎಂಬ ಅಂಶದ ಕೆಲಸ. ಅವ್ವ ಬಂದಾಗ ಮೊದಲ ತುತ್ತಿಗೇ ಕೆಮ್ಮಿ, "ಇದೇನವಾ, ಎಣ್ಣಿನೂ ಖಾರ ಅದ!" ಅಂದಳು. ವಾರ ಕಳೆಯುವಷ್ಟರಲ್ಲಿ ತಟ್ಟೆ ಮುಂದಿಟ್ಟರೆ ಸಾಕು, "ಖಾರದ ಎಣ್ಣಿ ಎಲ್ಲಿಟ್ಟಿ?" ಅಂತ ಕೇಳುತ್ತಿದ್ದಳು.

ಪ್ಯಾಲೆಸ್ಟೈನಿನ ಜೆನಿನ್, ನಾಬ್ಲಸ್ ಊರುಗಳ ಕಡೆ ಬೆಳಗಿನ ತಿಂಡಿಯೂ ಹೆಚ್ಚುಕಡಿಮೆ ಇದೇ ಧಾಟಿಯದು. ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, ಜಾತರ್ ಪುಡಿಯಲ್ಲಿ ಒತ್ತಿ ಬಾಯಿಗಿಡುತ್ತಾರೆ. ಪುಡಿಯಲ್ಲಿರುವುದು ಒಣಗಿಸಿದ ಜಾತರ್ ಸೊಪ್ಪು, ಎಳ್ಳು, ಹುಳಿಗೆ ಸುಮಾಕ್ ಎಂಬ ಕಾಯಿಯ ಪುಡಿ, ಉಪ್ಪು. ಅದನ್ನೂ ತರಿಸಿ ನೋಡಿದೆವು, ಚೆನ್ನಾಗಿದೆ. ಆದರೆ ನಮ್ಮ ಮನೆಯಲ್ಲಿ ಗೆದ್ದದ್ದು ಗುರೆಳ್ಳು ಹಿಂಡಿಯೇ.

ಒಗ್ಗರಣೆಗೆ ಬಳಸಬೇಡಿ. ಸಾಸಿವೆ ಸಿಡಿಯುವ ಹೊತ್ತಿಗೆ ಆ ಪರಿಮಳ ಹಾರಿಹೋಗಿರುತ್ತದೆ. ಬಜ್ಜಿ ಕರಿಯುವ ಮಾತು ಬಿಡಿ, ಬೆಲೆ ನೆನೆದರೆ ಕೈ ನಡುಗುತ್ತದೆ.

ಬೆಲೆಯ ಮಾತು ಬಂತಲ್ಲ, ಇಲ್ಲಿ ನನ್ನ ಹೊಗಳಿಕೆ ಸ್ವಲ್ಪ ತಣ್ಣಗಾಗುತ್ತದೆ. ಒಂದೇ ಸಂಬಳದ ಮನೆ ನಮ್ಮದು. ಸೂಪರ್ ಮಾರ್ಕೆಟ್ಟಿನ ಸ್ವಂತ ಬ್ರಾಂಡಿನ ಎಣ್ಣೆಯ ಪಕ್ಕದಲ್ಲಿ ಇದು ದುಬಾರಿ. ಸ್ಪೇನಿನ ಬರದಿಂದ 2023ರಲ್ಲಿ ಆಲಿವ್ ಎಣ್ಣೆಗಳೆಲ್ಲ ತುಟ್ಟಿಯಾದಾಗ ಮಾತ್ರ, ಇದನ್ನು ಬುಟ್ಟಿಗೆ ಹಾಕುವಾಗಿನ ಅಳುಕು ಕಡಿಮೆಯಾಗಿತ್ತು. ಇನ್ನೊಂದು ಸಿಟ್ಟು ಅಂಗಡಿಯವರ ಮೇಲೆ. ಒಮ್ಮೆ ಇಲ್ಲಿಯ ಅಂಗಡಿಯೊಂದರಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿ ಬಾಟಲಿಗಳನ್ನು ಶೋಕೇಸಿಗೆ ಸಾಲಾಗಿ ಜೋಡಿಸಿದ್ದರು. ಮನೆಗೆ ತಂದು ಮುಚ್ಚಳ ತೆಗೆದರೆ ಕಮಟು ವಾಸನೆ, ಚುರುಕೂ ಇಲ್ಲ, ಹಸಿ ಎಲೆಯೂ ಇಲ್ಲ. ಬೆಳಕು, ಬಿಸಿ ಎರಡೂ ಈ ಎಣ್ಣೆಗೆ ಶತ್ರು. ಅಷ್ಟು ದೂರದ ರೈತ ಜತನದಿಂದ ಕೊಟ್ಟದ್ದನ್ನು ಕೊನೆಯ ಗಜದಲ್ಲಿ ಕೆಡಿಸಿದರಲ್ಲ ಅಂತ ಹೊಟ್ಟೆ ಉರಿಯಿತು. ದುಡ್ಡು ವಾಪಸು ಕೊಟ್ಟರು, ಕಿಟಕಿ ಬದಲಾಗಲಿಲ್ಲ.

ಹೆಚ್ಚಿಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವವರಿಗೆ ಎರಡು ಮಾತು. ಜೈತೂನ್ ಶುರುವಾದದ್ದು 2004ರಲ್ಲಿ. ರೈತರಿಗೆ ನ್ಯಾಯದ ಬೆಲೆ ಸಿಕ್ಕಿದೆ ಎಂದು ಹೇಳುವ ಫೇರ್‌ಟ್ರೇಡ್ ಮುದ್ರೆ ಬಿದ್ದ ಮೊದಲ ಆಲಿವ್ ಎಣ್ಣೆ, 2009ರಲ್ಲಿ, ಪ್ಯಾಲೆಸ್ಟೈನಿನದೇ. ರೈತರಿಗೆ ಕನಿಷ್ಠ ಬೆಲೆಯ ಖಾತ್ರಿ ಇರುತ್ತದೆ, ಅದರ ಮೇಲೆ ಸಿಗುವ ಪ್ರೀಮಿಯಂ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಸಹಕಾರ ಸಂಘದಲ್ಲಿ ಕೂತು ಅವರೇ ತೀರ್ಮಾನಿಸುತ್ತಾರೆ. ಇಲ್ಲದಿದ್ದರೆ ಸಣ್ಣ ಹಿಡುವಳಿಯವನಿಗೆ ದಲ್ಲಾಳಿ ಹೇಳಿದ್ದೇ ರೇಟು. ಇದು ನಮ್ಮ ಎಪಿಎಂಸಿ ಕಂಡವರಿಗೆ ಹೊಸದಲ್ಲ.

ನಮಗೆ ಹೊಸದು ಉಳಿದದ್ದು. ಆಲಿವ್ ಮರ ಒಂದು ವರ್ಷ ತುಂಬಿ ಕಾಯಿ ಬಿಟ್ಟರೆ ಮರುವರ್ಷ ಕೈ ಬಿಗಿ ಹಿಡಿಯುತ್ತದೆ, ಅದು ಮರದ ಗುಣ. ಕೊಯ್ಲು ಅಕ್ಟೋಬರ್, ನವೆಂಬರಿನಲ್ಲಿ. ಪ್ಯಾಲೆಸ್ಟೈನಿನ ವೆಸ್ಟ್ ಬ್ಯಾಂಕ್ ಪ್ರದೇಶದಲ್ಲಿ 2002ರಿಂದ ಇಸ್ರೇಲ್ ಕಟ್ಟುತ್ತ ಬಂದ ತಡೆಗೋಡೆಯ ಆಚೆ ತೋಟ ಉಳಿದವರು ತಮ್ಮದೇ ಮರದ ಕಾಯಿ ಕೀಳಲು ಪರ್ಮಿಟ್ ಪಡೆಯಬೇಕು, ಗೇಟು ತೆರೆಯುವ ದಿನ ಕಾಯಬೇಕು. 2023ರ ಕೊಯ್ಲಿನ ಹೊತ್ತಿಗೆ ಗಾಜಾ ಯುದ್ಧ ಶುರುವಾಗಿ, ಇಸ್ರೇಲಿ ಸೈನ್ಯದ ನಿರ್ಬಂಧ, ಅಲ್ಲಿ ಬಂದು ನೆಲೆಸಿದ ಇಸ್ರೇಲಿ ವಸಾಹತಿನವರ ದಾಳಿಗಳಿಂದ ಎಷ್ಟೋ ಕುಟುಂಬಗಳಿಗೆ ತೋಟ ಮುಟ್ಟಲೇ ಆಗಲಿಲ್ಲ. ಕಾಯಿ ಮರದಲ್ಲೇ ಉಳಿಯಿತು. ಹಾಗಾಗಿ ವೆಬ್‌ಸೈಟಿನಲ್ಲಿ "ಸ್ಟಾಕ್ ಇಲ್ಲ" ಅಂತ ಕಂಡರೆ ಈಗ ನನಗೆ ರೇಗುವುದಿಲ್ಲ.

ದಿನದ ಅಡುಗೆಗೆ ಒಂದೇ ಎಣ್ಣೆ ಸಾಕು ಅನ್ನುವವರು ಇದನ್ನು ಕೊಳ್ಳಬೇಡಿ, ದಂಡ. ಹಸಿ ಎಣ್ಣೆ ಸುರಿದುಕೊಂಡು ತಿನ್ನುವ ಅಭ್ಯಾಸವಿದ್ದರೆ ಸಣ್ಣ ಬಾಟಲಿ ತನ್ನಿ, ಕತ್ತಲ ಕಪಾಟಿನಲ್ಲಿಡಿ, ತೆರೆದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮುಗಿಸಿ. ಚಳಿಗೆ ಗಟ್ಟಿಯಾಗಿ ಮಸುಕಾದರೆ ಚೆಲ್ಲಬೇಡಿ, ಅಡುಗೆಮನೆ ಬೆಚ್ಚಗಾದರೆ ತಾನೇ ತಿಳಿಯಾಗುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ನಮ್ಮೂರ ಕುಸುಬಿ ಎಣ್ಣೆಯ ಪಾಲು.